ಹತ್ತು ನಿಮಿಷಕ್ಕೊಂದು ಚುಕ್ಕಿ

ಮೈಸೂರು
೧೧ ಫೆಬ್ರವರಿ ೨೦೦೪

ಅಪ್ಪನಿಗೆ ರಕ್ಷಿತಾಳ ನಮಸ್ಕಾರಗಳು.

ಮೊದಲು ಕೂತುಕೊಳ್ಳಿ. ನಿಂತುಕೊಂಡು ಓದಿದರೆ ಅರ್ಧದಲ್ಲೇ ಹರಿದು ಹಾಕುತ್ತೀರಿ, ನಿಮ್ಮ ಸಿಟ್ಟು ನನಗೆ ಗೊತ್ತಿಲ್ಲದ್ದೇ?

ನಿನ್ನೆ ಬೆಳಿಗ್ಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು, ಅಲ್ಲಿಂದ ನೇರ ಹೋಗಿ ಮದುವೆ ರಿಜಿಸ್ಟರ್ ಮಾಡಿಸಿದೆವು. ಹುಡುಗ ಯಾರೆಂದು ಹೇಳಬೇಕಾಗಿಲ್ಲ. ಮಂಡಿ ಮೊಹಲ್ಲಾದ ಬೆಲ್ಲದ ಮಂಡಿ ಚೆಲುವರಾಜು ಅವರ ಮಗ ಸಂಜಯ್. ನಮ್ಮ ಜಾತಿಯವನಲ್ಲ, ನಿಜ. ನಮ್ಮ ರೇಡಿಯೋ ರಿಪೇರಿ ಅಂಗಡಿಯ ಮಹಡಿಯ ಮೇಲೆ ನೀವೇ ಮೋರ್ಸ್ ಸಂಕೇತ ಕಲಿಸಿ, ಹವ್ಯಾಸಿ ರೇಡಿಯೋದವರ ಹ್ಯಾಮ್ ಪರೀಕ್ಷೆಗೆ ಕೂರಿಸಿ, ಲೈಸೆನ್ಸ್ ಬಂದ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚಿದ ಅದೇ ಸಂಜಯ್. ಅವನ ಬಲಗೈ ಮಣಿಕಟ್ಟು ಹಿಡಿದು ಆರು ತಿಂಗಳು ತಿದ್ದಿದವರು ನೀವು. "ಈ ಹುಡುಗ ಕೀ ಒತ್ತಿದ್ರೆ ಕೇಳ್ತಾನೇ ಇರ್ಬೇಕು ಅನ್ಸುತ್ತೆ ಕಣೇ" ಎಂದು ನನ್ನ ಮುಂದೆ ಹೊಗಳಿದವರೂ ನೀವೇ. ನಾನೂ ಕೇಳುತ್ತಾ ಕೂತೆ, ಅಷ್ಟೆ.

ಎಲ್ಲಿದ್ದೇವೆ ಎಂದು ಕಾಗದದಲ್ಲಿ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಕಾರ್ ರ‍್ಯಾಲಿಗೆಂದು ಅವನ ಓಮ್ನಿ ವ್ಯಾನಿನಲ್ಲಿ ನೀವು ಕೂರಿಸಿಕೊಟ್ಟ ಜಿಪಿಎಸ್ಸು, ಪ್ಯಾಕೆಟ್ ಪೆಟ್ಟಿಗೆ ಎರಡೂ ಹಾಗೇ ಇವೆ. ಹತ್ತು ನಿಮಿಷಕ್ಕೊಮ್ಮೆ ಆ ಪೆಟ್ಟಿಗೆ ತಾನಿರುವ ಜಾಗವನ್ನು ರೇಡಿಯೋದಲ್ಲಿ ಕೂಗುತ್ತದೆ. ಈ ಊರಿನಲ್ಲಿ ಅದನ್ನು ಕೇಳಿಸಿಕೊಳ್ಳುವುದು ನಿಮ್ಮ ಸ್ಟೇಷನ್ ಒಂದೇ. ಸಂಜಯ್ "ವೈರ್ ಕಿತ್ತಾಕ್ಬುಡ್ಲಾ?" ಎಂದು ಕೇಳಿದ. ನಾನು ಬೇಡ ಎಂದೆ. ಕೂಗಲಿ ಬಿಡು, ಅಪ್ಪ ಒಬ್ಬರಾದರೂ ನೋಡಲಿ ಎಂದೆ. ನಿಮ್ಮ ಕಂಪ್ಯೂಟರ್ ಪರದೆಯ ಮೇಲೆ ಚುಕ್ಕಿ ಬರುತ್ತಿದ್ದರೆ ನಾನು ಚೆನ್ನಾಗಿದ್ದೇನೆ ಎಂದು ತಿಳಿದುಕೊಳ್ಳಿ.

ನಿಮ್ಮ ಮಗ ಅಮರೇಶನಿಗೆ ಮಾತ್ರ ಹೇಳಬೇಡಿ. ಹೋದ ತಿಂಗಳು ನಿಮ್ಮ ಆಂಟೆನಾ ಕೇಬಲ್ಲನ್ನೇ ಎರಡು ಮಡಿಕೆ ಮಾಡಿ ನನ್ನ ಬೆನ್ನಿಗೆ ಬಾರಿಸಿದನಲ್ಲ, ಆಗ ನೀವು ಕೆಳಗೆ ಅಂಗಡಿಯಲ್ಲಿದ್ದಿರಿ. ನಿಮಗೆ ಕೇಳಿಸಿತ್ತು. ಯಾವುದೋ ಸೆಟ್ಟಿನ ವಾಲ್ಯೂಮ್ ಜಾಸ್ತಿ ಮಾಡಿಕೊಂಡಿರಿ. ಅದನ್ನು ನಾನು ಕೇಳುವುದಿಲ್ಲ. ಇದೊಂದನ್ನು ಮಾತ್ರ ಕೇಳುತ್ತೇನೆ, ಅವನಿಗೆ ಹೇಳಬೇಡಿ.

ಉತ್ತರ ಬರೆಯುವ ಮನಸ್ಸಾದರೆ ನನ್ನ ಗೆಳತಿ ಕಮಲಳ ಸ್ಕೂಲಿಗೆ ಹೋಗಿ ಅವಳ ಕೈಗೆ ಕೊಡಿ. ಮಾತು ಮುಗಿಸುವಾಗ ಎಪ್ಪತ್ತಮೂರು ಹೇಳಿ ಶುಭ ಕೋರದವನು ಹ್ಯಾಮೇ ಅಲ್ಲ ಎಂದು ಹೇಳಿಕೊಟ್ಟವರು ನೀವು. ಮದುವೆಯಾದ ಮಗಳಿಗೂ ಒಂದು ಹೇಳಿ.

ನಿಮ್ಮ ಮಗಳು,
ರಕ್ಷಿತಾ
೭೩


ಲಷ್ಕರ್ ಮೊಹಲ್ಲಾ
೧೪ ಫೆಬ್ರವರಿ ೨೦೦೪

ರಕ್ಷಿತಾ,

ಆಶೀರ್ವಾದ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಹಾಗಾಗಿ ಬರೀ ಹೆಸರು.

ನೀನು ಸುಖವಾಗಿ ತಾಳಿ ಕಟ್ಟಿಸಿಕೊಂಡೆಯಲ್ಲ, ಇಲ್ಲಿ ಏನಾಯಿತೆಂದು ಕೇಳು. ವಿಷಯ ತಿಳಿದ ಸಂಜೆಯೇ ಅಮರೇಶ ಮೂವರನ್ನು ಕಟ್ಟಿಕೊಂಡು ಮಂಡಿ ಮೊಹಲ್ಲಾಕ್ಕೆ ಹೋದ. ಚೆಲುವರಾಜು ಅವರನ್ನು ಗಲ್ಲಾದಿಂದ ಎಳೆದು, ಬೆಲ್ಲ ತೂಗುವ ಕಲ್ಲಿನಿಂದ ಬಾಯಿಗೇ ಹೊಡೆದಿದ್ದಾನೆ. ಎರಡು ಹಲ್ಲು ಅಲ್ಲೇ ಬಿದ್ದವಂತೆ. ಬೆಲ್ಲದ ಅಚ್ಚುಗಳ ಮೇಲೆಲ್ಲ ಸೀಮೆಎಣ್ಣೆ ಸುರಿದು ಬಂದ. ಅಲ್ಲಿಂದ ಮನೆಗೆ ಬಂದು ನಿನ್ನ ಬಟ್ಟೆಗಳನ್ನು ಹಿತ್ತಲಿನಲ್ಲಿ ರಾಶಿ ಹಾಕಿ ಬೆಂಕಿ ಇಟ್ಟ. ನಿಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನು ಬಾಗಿಲು ದೂಡಿದ ರಭಸಕ್ಕೆ ಅವಳ ಎಡಗೈ ಸಂದಿಗೆ ಸಿಕ್ಕಿ ಮುರಿಯಿತು. ಗಿರಿಜಾಂಬಾ ಕೂಗಲೂ ಇಲ್ಲ. ಈಗ ಪ್ಲಾಸ್ಟರ್ ಹಾಕಿಸಿಕೊಂಡು ಒಂದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾಳೆ. ಇಷ್ಟೆಲ್ಲ ಯಾರಿಂದ? ಯೋಚನೆ ಮಾಡು.

ಅಮರೇಶ ನಿನ್ನನ್ನು ಬೆಂಗಳೂರಿನಲ್ಲಿ ಹುಡುಕುತ್ತಾನೆ, ಕಲ್ಲಿಕೋಟೆಯಲ್ಲಿ ಹುಡುಕುತ್ತಾನೆ. ನಾಲ್ಕು ಕಿಲೋಮೀಟರ್ ಆಚೆ ಇರುವುದು ನನಗೊಬ್ಬನಿಗೇ ಗೊತ್ತು. ನಗು ಬಂದರೂ ನಗುವ ಹಾಗಿಲ್ಲ.

ನಿನ್ನ ಗಂಡನಿಗೆ ಹೇಳು, ಅವನಿಗೆ ಬುದ್ಧಿ ಇಲ್ಲ ಅಂತ. ವ್ಯಾನನ್ನು ತಗಡಿನ ಶೀಟಿನ ಕೆಳಗೆ ನಿಲ್ಲಿಸಿದ್ದಾನೆ. ಜಿಪಿಎಸ್‌ಗೆ ಆಕಾಶ ಕಾಣದೆ ಚುಕ್ಕಿ ಒಂದು ಸಲ ರೈಲ್ವೆ ಹಳಿ ಮೇಲಿರುತ್ತದೆ, ಇನ್ನೊಂದು ಸಲ ಯಾರದೋ ಬಾವಿಯಲ್ಲಿರುತ್ತದೆ. ಇದನ್ನೇ ನಾನು ಕಲಿಸಿದ್ದು? ಬಯಲಿಗೆ ತಂದು ನಿಲ್ಲಿಸಲಿ. ಕಳಿಸುವುದಾದರೆ ಸರಿಯಾಗಿ ಕಳಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು.

ಸುಮ್ಮನಿರು ಅಂತ ಹೇಳಿದೆ ಅಂದುಕೊಂಡು ಆಫ್ ಮಾಡಿಬಿಟ್ಟೀರಿ. ಮಾಡಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮೂವತ್ತು ವರ್ಷದಿಂದ ಕೇಳಿದ್ದನ್ನೂ ಹೇಳಿದ್ದನ್ನೂ ಒಂದನ್ನೂ ಬಿಡದೆ ಬರೆದ ಪುಸ್ತಕಗಳು ಅವು. ಅದರಲ್ಲಿ ನಿನ್ನದೂ ಇರಲಿ.

ಯಾರಿಗೂ ಹೇಳುವುದಿಲ್ಲ. ನಾನೇನು ಕಟುಕನೇ?

ಏಕಾಂತಯ್ಯ
೭೩ (ನಿನಗೆ. ಅವನಿಗಲ್ಲ.)


ಮೈಸೂರು
೧೯ ಫೆಬ್ರವರಿ ೨೦೦೪

ಅಪ್ಪನಿಗೆ,

ಅಮ್ಮನ ಕೈ ಓದಿ ಅತ್ತೆ. ಆಮೇಲೆ ನೀವು ಬಾವಿ ಅಂದದ್ದಕ್ಕೆ ನಕ್ಕೆ. ಎರಡೂ ಒಂದೇ ಕಾಗದದಲ್ಲಿ ಮಾಡಿಸಿದಿರಿ.

ಮಾವನವರು ಬಾಯಿ ಊದಿಸಿಕೊಂಡು ಗಂಜಿ ಕುಡಿಯುತ್ತಿದ್ದಾರಂತೆ. ಸಂಜಯ್ ಎರಡು ದಿನ ರಾತ್ರಿ ವ್ಯಾನಿನಲ್ಲೇ ಮಲಗಿದ. ಮೂರನೆಯ ದಿನ ಮತ್ತೆ ವೈರಿಗೆ ಕೈ ಹಾಕಿದ. "ನಿಮ್ಮಪ್ಪ ಒಳ್ಳೇರು ಕಣೇ. ಆದ್ರೆ ಆ ಮನೇಲಿ ಅವ್ರೊಬ್ರೇ ಇಲ್ವಲ್ಲ" ಎಂದ. ನಾನು ನಿಮ್ಮ ಕಾಗದವನ್ನು ಅವನ ಮುಖಕ್ಕೆ ಹಿಡಿದೆ. ಅಪ್ಪ ಮಾಡಬೇಡಿ ಅಂದಿದಾರೆ, ಯಾರಿಗೂ ಹೇಳಲ್ಲ ಅಂದಿದಾರೆ, ನಮ್ಮಪ್ಪ ಮಾತು ಕೊಟ್ಟರೆ ಮುಗೀತು ಎಂದೆ. ಅವನು ಕೈ ತೆಗೆದ.

ವ್ಯಾನನ್ನು ಹಿಂದಿನ ಗೇಟಿನ ಹತ್ತಿರ ಬಯಲಿಗೆ ತಂದು ನಿಲ್ಲಿಸಿದ್ದೇವೆ. ಈಗ ಚುಕ್ಕಿ ಸರಿಯಾಗಿ ಕೂತಿರಬೇಕು, ನೋಡಿ ಹೇಳಿ.

ಔಟ್‌ಹೌಸಿನಲ್ಲಿ ಒಂದೇ ಕೋಣೆ. ನಾನು ಮಾಡಿದ ಹುಳಿಯನ್ನು ಅವನು ಮೂರು ಸಲ ಹಾಕಿಸಿಕೊಂಡ, ಅದು ಚೆನ್ನಾಗಿರಲಿಲ್ಲ ಎಂದು ನನಗೇ ಗೊತ್ತಿತ್ತು. ಖುಷಿಯಾಗಿದ್ದೇನೆ ಅಪ್ಪ.

ರಕ್ಷಿತಾ
೭೩, ಇಬ್ಬರಿಂದಲೂ


ಆಸ್ಪತ್ರೆ, ಮೈಸೂರು
೨ ಮಾರ್ಚ್ ೨೦೦೪

ಅಪ್ಪನಿಗೆ,

ಭಾನುವಾರ ನಡೆದದ್ದನ್ನು ಪೊಲೀಸರಿಗೆ ನಾಲ್ಕು ಸಲ ಹೇಳಿದ್ದೇನೆ. ನಿಮಗೂ ಹೇಳುತ್ತೇನೆ. ನಿಮ್ಮ ಮಗ ಹೇಳಿರುವುದಿಲ್ಲ.

ಸಂಜೆ ಐದೂವರೆಗೆ ಇನ್ನೂ ಐದು ನಿಮಿಷ ಇತ್ತು. ಸಂಜಯ್ ವ್ಯಾನಿನ ಬ್ಯಾಟರಿಗೆ ನೀರು ಹಾಕುತ್ತಿದ್ದ. ನಾನು ಒಗೆದ ಬಟ್ಟೆ ತೆಗೆಯುತ್ತಿದ್ದೆ. ಹಿಂದಿನ ಗೇಟು ಒದ್ದ ಸದ್ದಾಯಿತು. ನಾಲ್ಕು ಜನ. ಮುಂದೆ ಅಮರೇಶ. ಅವನ ಕೈಯಲ್ಲಿ ಮಚ್ಚು ಇತ್ತು, ಹಿಡಿಗೆ ಟವೆಲ್ ಸುತ್ತಿತ್ತು. ಜಾರಬಾರದು ಎಂದು ಸುತ್ತಿಕೊಂಡಿದ್ದ. ಅಂದರೆ ಮನೆಯಲ್ಲೇ ಕೂತು ಯೋಚನೆ ಮಾಡಿದ್ದ.

ಸಂಜಯ್ "ಅಮರೇಶಣ್ಣ, ಕೂತ್ಕೊಂಡು ಮಾತಾಡಣ" ಎಂದ. ಅಣ್ಣ ಎಂದ, ಅಪ್ಪ. ಇಬ್ಬರು ಅವನನ್ನು ವ್ಯಾನಿಗೆ ಒತ್ತಿ ಹಿಡಿದರು. ಮೂರನೆಯವನು ಮೇಲಿನ ಆಂಟೆನಾ ಕಡ್ಡಿಯನ್ನು ಕಿತ್ತು ನನ್ನ ಮುಖಕ್ಕೆ ಬೀಸಿದ. ನನ್ನ ಬಲಗಣ್ಣು ಇನ್ನೂ ಪೂರ್ತಿ ತೆರೆಯುತ್ತಿಲ್ಲ. ಒಂದೇ ಕಣ್ಣಿನಲ್ಲಿ ನೋಡಿದೆ. ಅಮರೇಶ ಸಂಜಯ್‌ನ ಬಲಗೈಯನ್ನು ಎಳೆದು ತೆರೆದ ಬಾಗಿಲಲ್ಲಿ ವ್ಯಾನಿನ ನೆಲದ ಮೇಲೆ ಚಾಚಿ ಇಡಿಸಿದ. ಎಡಗೈ ಹತ್ತಿರವೇ ಇತ್ತು, ಅದನ್ನು ಮುಟ್ಟಲಿಲ್ಲ. ಬಲಗೈಯೇ ಬೇಕಿತ್ತು ಅವನಿಗೆ. ಮೊದಲನೆಯ ಏಟು ತಗಡಿಗೆ ಬಿತ್ತು. ಎರಡನೆಯದು ಮಣಿಕಟ್ಟಿಗೆ. ಮೂರನೆಯದೂ ಅಲ್ಲಿಗೇ. ಆಮೇಲೆ ಬೆನ್ನು, ಹೊಟ್ಟೆ, ಲೆಕ್ಕ ಇಟ್ಟವರಾರು? ನಾನು ಅಮರೇಶನ ತೋಳು ಕಚ್ಚಿದೆ, ಮಾಂಸ ಬಾಯಿಗೆ ಬಂತು. ಅವನು ನನ್ನ ಜಡೆ ಹಿಡಿದು ತಲೆಯನ್ನು ವ್ಯಾನಿನ ಬಾಗಿಲಿಗೆ ಜಪ್ಪಿದ.

ಔಟ್‌ಹೌಸ್ ಕೊಟ್ಟಿದ್ದ ಚೂಡಾಮಣಿಯವರಿಗೆ ಎಪ್ಪತ್ತು ವರ್ಷ. ಆ ಹೆಂಗಸು ಕುದಿಯುವ ನೀರಿನ ಪಾತ್ರೆ ಹಿಡಿದು ಬಂದು ಎರಚಿದರು. ಒಬ್ಬನ ಮುಖ ಬೆಂದಿತು. ಅದಕ್ಕೇ ಓಡಿದರು. ಇಲ್ಲದಿದ್ದರೆ ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ.

ಸಂಜಯ್‌ಗೆ ಜ್ಞಾನ ಬರುತ್ತದೆ, ಹೋಗುತ್ತದೆ. ಬಲಗೈ ಮಣಿಕಟ್ಟಿನಿಂದ ಕೆಳಗೆ ಇಲ್ಲ. ಹೊಟ್ಟೆಯ ಗಾಯಕ್ಕೆ ಎರಡು ಸಲ ಆಪರೇಷನ್ ಆಯಿತು.

ಒಂದು ಪ್ರಶ್ನೆ ಕೇಳುತ್ತೇನೆ. ಅವರು ದಾರಿಯಲ್ಲಿ ಯಾರನ್ನೂ ಕೇಳಲಿಲ್ಲ. ಮುಂದಿನ ರಸ್ತೆಗೆ ಬರಲೇ ಇಲ್ಲ, ನೇರ ಹಿಂದಿನ ಗೇಟಿಗೇ ಬಂದರು. ಆ ಗೇಟು ಇರುವುದು ಪಕ್ಕದ ಮನೆಯವರಿಗೂ ಗೊತ್ತಿಲ್ಲ. ನೀವು ಹೇಳಿದಿರಾ?

ರಕ್ಷಿತಾ


ಲಷ್ಕರ್ ಮೊಹಲ್ಲಾ
೯ ಮಾರ್ಚ್ ೨೦೦೪

ರಕ್ಷಿತಾ,

ಮಗಳು ಅಪ್ಪನನ್ನು ಕೇಳುವ ಪ್ರಶ್ನೆಯೇ ಇದು?

ಆ ದಿನ ನಾನು ನೆಂಟರ ಮನೆಯ ಬೀಗರ ಊಟಕ್ಕೆ ಹೋಗಿದ್ದೆ. ಬರುವುದು ತಡವಾಯಿತು. ಕಂಪ್ಯೂಟರನ್ನು ಆಫ್ ಮಾಡದೆ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಅಮರೇಶ ಮಹಡಿಗೆ ಹತ್ತಿ ಪರದೆ ನೋಡಿದ್ದಾನೆ. ಚುಕ್ಕಿ ಕಣ್ಣಿಗೆ ಹೊಡೆಯುವ ಹಾಗೆ ಕೂತಿತ್ತು, ಕುರುಡನೂ ನೋಡಬಹುದಿತ್ತು. ಅಷ್ಟೇ ನಡೆದದ್ದು.

ಅಮರೇಶ ಮತ್ತು ಇನ್ನೂ ಮೂವರು ಜೈಲಿನಲ್ಲಿದ್ದಾರೆ. ಮಾತಿಗೆ ಮಾತು ಬೆಳೆದು ಕೈ ಮೀರಿತು ಎಂದು ವಕೀಲರು ವಾದ ಮಾಡುತ್ತಾರಂತೆ. ನೀನು ಸ್ವಲ್ಪ ಯೋಚನೆ ಮಾಡಿ ಸಾಕ್ಷಿ ಹೇಳು. ಅವನೂ ನಿನ್ನ ಒಡಹುಟ್ಟಿದವನೇ.

ಆ ಹುಡುಗ ಉಳಿಯಲಿ ಎಂದು ದಿನಾ ಲಿಂಗಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದೇನೆ. ನಂಬಿದರೆ ನಂಬು.

ಏಕಾಂತಯ್ಯ


ಬನ್ನೂರು ರಸ್ತೆ, ಚೆಲುವರಾಜು ಅವರ ತೋಟ
೧೨ ಏಪ್ರಿಲ್ ೨೦೦೪

ಅಪ್ಪನಿಗೆ,

ಸಂಜಯ್ ಮಾರ್ಚ್ ಇಪ್ಪತ್ತೆಂಟರ ಬೆಳಿಗ್ಗೆ ಹೋದ. ಹೊಟ್ಟೆಯ ನಂಜು ಮೈಗೆಲ್ಲ ಏರಿತು ಎಂದರು. ನಿಮಗೆ ತಿಳಿದಿರುತ್ತದೆ. ನೀವು ಬರಲಿಲ್ಲ, ಬಂದಿದ್ದರೆ ನಾನೇ ಕಲ್ಲು ತೆಗೆದುಕೊಂಡು ಹೊಡೆಯುತ್ತಿದ್ದೆ.

ಕೊನೆಯ ವಾರ ಜ್ಞಾನ ಬಂದಾಗಲೆಲ್ಲ ಇಲ್ಲದ ಕೈಯಿಂದ ಕೀ ಒತ್ತುತ್ತಿದ್ದ. ಪಟ್ಟಿ ಸುತ್ತಿದ ಮೊಂಡು ಮಂಚದ ಕಬ್ಬಿಣಕ್ಕೆ ತಾಗಿ ರಕ್ತ ಒಸರುತ್ತಿತ್ತು. ನರ್ಸು ಬಂದು ಕೈ ಕಟ್ಟಿದರು. ಏನು ಒತ್ತುತ್ತಿದ್ದ ಎಂದು ನನಗೆ ಗೊತ್ತು, ನಾನೂ ನಿಮ್ಮ ಶಿಷ್ಯೆಯೇ. ರೇಡಿಯೋದಲ್ಲಿ ಅವನ ಹೆಸರಾದ ಕಾಲ್‌ಸೈನು, ಆಮೇಲೆ ನಿಮ್ಮದು. ನಿಮ್ಮನ್ನು ಕರೆಯುತ್ತಿದ್ದ.

ಅತ್ತೆ ಚಾಮುಂಡಮ್ಮ ನನ್ನನ್ನು ಹೆಣದ ಹತ್ತಿರ ಸೇರಿಸಲಿಲ್ಲ. "ನನ್ ಮಗನ್ನ ತಿಂದ್ಬುಟ್ಟಲ್ಲೇ, ಇನ್ನೇನ್ ಬೇಕು?" ಎಂದು ಎಲ್ಲರ ಮುಂದೆ ಕೆನ್ನೆಗೆ ಹೊಡೆದರು. ಹೊಡೆಸಿಕೊಂಡೆ. ತೋಟದಲ್ಲೇ ಮಣ್ಣು ಮಾಡಿದ ಮೇಲೆ ಅವರೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅನ್ನ ಹಾಕಿದರು. ಈಗ ಅವರ ಜೊತೆಯೇ ಇದ್ದೇನೆ.

ಹದಿನೈದು ದಿನದಿಂದ ನಿಮ್ಮ ಕಾಗದವನ್ನು ಓದುತ್ತಿದ್ದೇನೆ. ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಅಪ್ಪ. ಅಭ್ಯಾಸ ಇಲ್ಲ.

ಅಮರೇಶ ಪರದೆ ನೋಡಿದ ಎಂದು ಬರೆದಿದ್ದೀರಿ. ಆ ಪರದೆಯ ಮೇಲೆ ಏನಿದೆ? ಕಪ್ಪು ಬಯಲು. ಅದರಲ್ಲೊಂದು ಚುಕ್ಕಿ, ಪಕ್ಕದಲ್ಲಿ ಅಕ್ಷಾಂಶ ರೇಖಾಂಶದ ಅಂಕಿಗಳು. ಅಮೆರಿಕಾದವರು ಬರೆದ ಪ್ರೋಗ್ರಾಮು ಅದು, ಅಲ್ಲಿಯ ಗಲ್ಲಿಗಲ್ಲಿಯೂ ಅದರಲ್ಲಿದೆ, ನಮ್ಮದು ಒಂದು ಗೆರೆಯೂ ಇಲ್ಲ. ಆ ಪರದೆಯ ಮೇಲೆ ಮೈಸೂರೇ ಇಲ್ಲ, ಅಪ್ಪ. ಅದಕ್ಕೇ ಅಲ್ಲವೇ ನೀವು ಎರಡು ಸರ್ವೆ ನಕ್ಷೆ ಅಂಟಿಸಿ ಗೋಡೆಗೆ ಹಾಕಿ, ಸ್ಕೇಲು ಹಿಡಿದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದು? ಅಂಕಿ ಓದಿ, ಆ ಗೆರೆಗಳ ಮೇಲೆ ಬೆರಳು ಓಡಿಸಿ, ಇಂಥ ರಸ್ತೆ, ಇಂಥ ಮನೆ ಎಂದು ಹೇಳಲು ಆ ಮನೆಯಲ್ಲಿ ನಿಮಗೊಬ್ಬರಿಗೇ ಬರುತ್ತದೆ. ನಾನೇ ಎರಡು ಸಲಕ್ಕೊಮ್ಮೆ ತಪ್ಪುತ್ತಿದ್ದೆ. ಅಮರೇಶನಿಗೆ ಡಿಗ್ರಿ ಯಾವುದು ನಿಮಿಷ ಯಾವುದು ತಿಳಿಯದು.

ಇನ್ನೊಂದು ಸಲ ಕೇಳುವುದಿಲ್ಲ. ನಡೆದದ್ದನ್ನು ಬರೆಯಿರಿ. ನನ್ನ ಗಂಡನನ್ನು ಕೊಂದವರು ನಾಲ್ಕು ಜನವೋ, ಐದೋ ನನಗೆ ಗೊತ್ತಾಗಬೇಕು.

ರಕ್ಷಿತಾ


ಲಷ್ಕರ್ ಮೊಹಲ್ಲಾ
೨೩ ಆಗಸ್ಟ್ ೨೦೦೪

ರಕ್ಷಿತಾ,

ನಾಲ್ಕು ತಿಂಗಳು ತೆಗೆದುಕೊಂಡೆ. ಆರು ಕಾಗದ ಬರೆದು ಒಲೆಗೆ ಹಾಕಿದೆ. ಇದನ್ನು ಬರೆದ ತಕ್ಷಣ ನಿಮ್ಮಮ್ಮನ ಕೈಗೆ ಕೊಡುತ್ತೇನೆ, ಅವಳೇ ಅಂಚೆಗೆ ಹಾಕಲಿ.

ಬೀಗರ ಊಟಕ್ಕೆ ಹೋದದ್ದು ನಿಜ. ತಡವಾಗಿ ಬಂದದ್ದು ಸುಳ್ಳು. ಅರ್ಧ ಊಟಕ್ಕೇ ಎದ್ದು ಬಂದೆ.

ನಾನು ಕೂತ ತಕ್ಷಣ ಪಕ್ಕದವರು ತಮ್ಮ ಎಲೆಯನ್ನು ಅತ್ತ ಎಳೆದುಕೊಂಡರು. ಅದನ್ನು ಸಹಿಸಿಕೊಂಡೆ. ಪಾಯಸ ಬಡಿಸುತ್ತಿದ್ದ ನಮ್ಮ ನೆಂಟನೊಬ್ಬ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಏಕಾಂತಯ್ಯನೋರು ಮಹಡಿ ಮೇಲೆ ಕೂತ್ಕಂಡು ಯಾರ್ ಯಾರ್ ಎಲ್ಲವ್ರೆ ಅಂತ ಇಡೀ ಊರಿಗೆ ಹೇಳ್ತಾರಂತೆ! ಮನೆ ಮಗಳು ಎಲ್ಲವ್ಳೆ ಅಂತ ಮಾತ್ರ ಗೊತ್ತಿಲ್ವಂತೆ ಕಣ್ರೀ" ಎಂದ. ಇಡೀ ಪಂಕ್ತಿ ನಕ್ಕಿತು. ಐನೋರೂ ನಕ್ಕರು.

ನನಗೆ ಗೊತ್ತಿತ್ತು. ಇಪ್ಪತ್ತು ಮೀಟರಿನಷ್ಟು ಖಚಿತವಾಗಿ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ಅನ್ನದ ಜೊತೆ ನುಂಗಿಕೊಂಡೆ. ಮನೆಗೆ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಮರ್ಯಾದೆ ಹೋಯಿತು ಎಂದು ಉರಿದಿದ್ದರೆ ಎಷ್ಟೋ ವಾಸಿಯಾಗಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂರಬೇಕಾಯಿತಲ್ಲ, ನನ್ನ ಸ್ಟೇಷನ್ನಿಗೆ ಹೀಗಂದರಲ್ಲ ಎಂದು ಉರಿಯಿತು. ಥೂ, ಎಂಥ ಮನುಷ್ಯ ನಾನು!

ಅಮರೇಶ ಮಹಡಿಯಲ್ಲೇ ಇದ್ದ. "ಬೆಂಗ್ಳೂರ್ನಲ್ಲೂ ಇಲ್ಲ, ಎಲ್ಲೂ ಇಲ್ಲ, ಎಲ್ಲಿ ಹಾಳಾಗೋದ್ಲೋ" ಎಂದ. ನಾನು ಎದ್ದು ಹೋಗಿ ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟೆ. ಯಾದವಗಿರಿ, ಚೂಡಾಮಣಿಯವರ ಬಂಗಲೆ, ಅವರ ರೇಡಿಯೋ ರಿಪೇರಿಗೆ ಹೋದಾಗ ಹಿಂದಿನ ಗೇಟು ನೋಡಿದ್ದೇನೆ, ಅದರ ಪಕ್ಕ ಬಯಲಿನಲ್ಲಿ ವ್ಯಾನು ನಿಂತಿದೆ ಎಂದೆ. ಎರಡು ವಾರಕ್ಕೂ ಹೆಚ್ಚು ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವನು ನನ್ನನ್ನು ನೋಡಿದ ರೀತಿ! ಹುಟ್ಟಿದಾಗಿನಿಂದ ಅವನು ನನ್ನನ್ನು ಹಾಗೆ ಗೌರವದಿಂದ ನೋಡಿರಲಿಲ್ಲ.

"ಕೈಕಾಲು ಮುರಿದು ಬರ್ತೀನಿ, ಅಷ್ಟೆ" ಎಂದ. ಇನ್ನು ಮುಂದಿನದನ್ನು ಬರೆಯದೆ ಬಿಟ್ಟರೆ ಮತ್ತೆ ಸುಳ್ಳಾಗುತ್ತದೆ. ನಾನು, "ಬಲಗೈ ಮುರಿ. ನಾನು ಕಲಿಸಿದ ಕೈ ಅದು. ಅದೊಂದು ಸಾಕು" ಎಂದೆ. ಮುರಿ ಎಂದೆ, ಕಡಿ ಎನ್ನಲಿಲ್ಲ. ಆ ವ್ಯತ್ಯಾಸವನ್ನು ಹಿಡಿದುಕೊಂಡು ಆರು ತಿಂಗಳು ಬದುಕಿದೆ. ಈಗ ಅದೂ ಕೈಗೆ ಸಿಗುತ್ತಿಲ್ಲ.

ಅವನು ಮೆಟ್ಟಿಲು ಇಳಿದು ಹೋದ. ನಾನು ಅಭ್ಯಾಸದಂತೆ ಕೂತು ಲಾಗ್ ಬರೆದೆ. ಹೇಳಿದ್ದನ್ನೂ ಬರೆಯಬೇಕಲ್ಲ. ಪುಸ್ತಕ ನನ್ನ ಮುಂದೆಯೇ ಇದೆ, ಇದ್ದ ಹಾಗೆ ಬರೆಯುತ್ತೇನೆ: "ಗಂಟೆ ೧೬.೪೦. ಯಾದವಗಿರಿ. ನಿಂತಿದೆ. ಜಾಗವನ್ನು ಅಮರೇಶನಿಗೆ ತೋರಿಸಿದೆ. ಬಲಗೈ ಎಂದೆ."

ಆಮೇಲೆ ಏಳಲಾಗಲಿಲ್ಲ. ೧೭.೨೦, ನಿಂತಿದೆ. ೧೭.೩೦, ನಿಂತಿದೆ, ಆದರೆ ಸದ್ದು ಕ್ಷೀಣ. ಆಂಟೆನಾ ಕಿತ್ತದ್ದು ಅಂತ ನಿನ್ನ ಕಾಗದ ಬಂದಾಗ ತಿಳಿಯಿತು. ೧೭.೪೦, ನಿಂತಿದೆ. ಆ ವ್ಯಾನಿನ ತಗಡಿನ ಮೇಲೆ ಅವನ ರಕ್ತ ಹರಿಯುತ್ತಿದ್ದಾಗ ಅದೇ ವ್ಯಾನು ಹತ್ತು ನಿಮಿಷಕ್ಕೊಮ್ಮೆ ನನ್ನನ್ನು ಕೂಗುತ್ತಿತ್ತು. ನಾನು ಬರೆಯುತ್ತಿದ್ದೆ. ೧೯.೧೦ಕ್ಕೆ ಯಾರೋ ವೈರು ಕಿತ್ತರು. ಅಲ್ಲಿಗೆ ನಿಂತಿತು.

ಸೈಕಲ್ ಹತ್ತಿದ್ದರೆ ಇಪ್ಪತ್ತು ನಿಮಿಷದ ದಾರಿ. ಅಮರೇಶನಿಗಿಂತ ಮೊದಲೇ ಹೋಗಬಹುದಿತ್ತು. ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಟೇಬಲ್ಲಿನ ಮೇಲೇ ಇತ್ತು ಫೋನು.

ಅಮರೇಶನ ವಕೀಲರಿಗೆ ಪುಸ್ತಕದ ವಿಷಯ ಗೊತ್ತಾಗಿದೆ. ಆ ಪುಟವನ್ನು ಹರಿದುಬಿಡಿ ಎಂದರು. ಪುಟಕ್ಕೆಲ್ಲ ನಂಬರಿದೆ ಸ್ವಾಮಿ, ಮೂವತ್ತು ವರ್ಷದಲ್ಲಿ ಒಂದು ಪುಟ ಹರಿದಿಲ್ಲ ಎಂದೆ. ಹಾಗಾದರೆ ಪುಸ್ತಕವನ್ನೇ ಸುಟ್ಟುಬಿಡಿ ಎಂದರು. ಇನ್ನೂ ಸುಟ್ಟಿಲ್ಲ. ಸುಡಲೋ ಬೇಡವೋ ನೀನು ಹೇಳು.

ಏಕಾಂತಯ್ಯ


ಬನ್ನೂರು ರಸ್ತೆ
೩೦ ಆಗಸ್ಟ್ ೨೦೦೪

ಅಪ್ಪನಿಗೆ,

ಐದು ಜನ. ಗೊತ್ತಾಯಿತು.

ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಕೊಟ್ಟಿಗೆಗೆ ಹೋಗಿ ಗುದ್ದಲಿ ತಂದು, ಜಿಪಿಎಸ್ಸಿನ ಜೊತೆ ಪಾರ್ಸಲ್ಲಿನಲ್ಲಿ ಬಂದಿದ್ದ ಅವನ ಪ್ಯಾಕೆಟ್ ಪೆಟ್ಟಿಗೆಯನ್ನು ಜಜ್ಜಿದೆ. ಪೊಲೀಸರು ಹೋದ ವಾರವಷ್ಟೇ ಕಳಿಸಿಕೊಟ್ಟಿದ್ದರು. ಅತ್ತೆ ತಡೆಯಲಿಲ್ಲ. "ಹೊಡಿ, ಚೆನ್ನಾಗ್ ಹೊಡಿ" ಎಂದು ಪಕ್ಕದಲ್ಲೇ ನಿಂತಿದ್ದರು.

ನೀವು ನನ್ನನ್ನು ಕೇಳುತ್ತಿರುವುದು ಸುಡಲೋ ಬೇಡವೋ ಎಂದಲ್ಲ. ಕ್ಷಮಿಸುತ್ತೀಯಾ ಎಂದು. ಕೇಳುವ ಧೈರ್ಯವಿಲ್ಲದೆ ಪುಸ್ತಕವನ್ನು ಮುಂದಿಟ್ಟಿದ್ದೀರಿ. ನಾನು ಉತ್ತರ ಕೊಡುವುದು ಪುಸ್ತಕದ ಪ್ರಶ್ನೆಗೆ ಮಾತ್ರ.

ಆ ಪುಸ್ತಕ ಇಲ್ಲದಿದ್ದರೆ ಮಾತಿಗೆ ಮಾತು ಬೆಳೆಯಿತು ಎಂದು ಅಮರೇಶ ಎರಡು ಮೂರು ವರ್ಷದಲ್ಲಿ ಹೊರಗೆ ಬರುತ್ತಾನೆ. ಲಷ್ಕರ್ ಮೊಹಲ್ಲಾದಲ್ಲಿ ಅವನಿಗೆ ಹಾರ ಹಾಕುತ್ತಾರೆ. ಪುಸ್ತಕ ಕೋರ್ಟಿಗೆ ಬಂದರೆ ಅವನು ಬರುವುದಿಲ್ಲ, ನೀವೂ ಅವನ ಪಕ್ಕ ನಿಲ್ಲುತ್ತೀರಿ. ಅಮ್ಮನಿಗೆ ಮುರಿದ ಕೈಯೊಂದು ಬಿಟ್ಟು ಯಾರೂ ಇರುವುದಿಲ್ಲ. ನನಗೆ ಇದೆಲ್ಲ ಗೊತ್ತಿದೆ.

ಕೊಡಿ. ನೀವೇ ತೆಗೆದುಕೊಂಡು ಹೋಗಿ ಕೊಡಿ. ಪೊಲೀಸರು ಬಂದು ಕಿತ್ತುಕೊಳ್ಳುವ ಹಾಗೆ ಮಾಡಬೇಡಿ.

ರಕ್ಷಿತಾ


ಜೈಲು, ಮೈಸೂರು
೨೩ ಜನವರಿ ೨೦೦೫

ರಕ್ಷಿತಾ,

ಕೊಟ್ಟೆ. ನಿನಗೆ ಗೊತ್ತೇ ಇದೆ, ಕೋರ್ಟಿನಲ್ಲಿ ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಜಡ್ಜ್ ಸಾಹೇಬರು ಆ ಸಾಲನ್ನು ನನ್ನಿಂದಲೇ ಓದಿಸಿದರು. "ಬಲಗೈ ಎಂದೆ" ಅನ್ನುವುದನ್ನು ತಗ್ಗಿದ ದನಿಯಲ್ಲಿ ಓದಿದೆ. ಮತ್ತೆ ಓದಿ ಎಂದರು. ಮತ್ತೆ ಓದಿದೆ. ತಿರುಗಿ ನೋಡಿದಾಗ ನೀನು ಎದ್ದು ಹೋಗಿದ್ದೆ.

ಅಮರೇಶ ಬೇರೆ ಬ್ಯಾರಕ್ಕಿನಲ್ಲಿದ್ದಾನೆ. ಹೋದ ವಾರ ಅನ್ನದ ಸಾಲಿನಲ್ಲಿ ಸಿಕ್ಕ. ಅಲ್ಯುಮಿನಿಯಂ ತಟ್ಟೆಯಿಂದ ನನ್ನ ಮುಖಕ್ಕೆ ಬಾರಿಸಿದ. "ತೋರ್ಸಿದ್ದೂ ನೀನೇ, ಬರ್ದಿದ್ದೂ ನೀನೇ, ಕೊಟ್ಟಿದ್ದೂ ನೀನೇ, ನೀನೂ ಒಬ್ಬ ಅಪ್ಪನಾ?" ಎಂದು ಕೂಗುತ್ತಾ ಬಾರಿಸಿದ. ಮೂಗು ಮುರಿದಿದೆ, ಎರಡು ಹಲ್ಲು ಹೋದವು. ಚೆಲುವರಾಜು ಅವರಿಗೆ ಹೋದಷ್ಟೇ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದಕ್ಕೇ ಕೈ ಅಡ್ಡ ಹಿಡಿಯಲಿಲ್ಲ.

ಗಿರಿಜಾಂಬಾ ತಿಂಗಳಿಗೊಮ್ಮೆ ಬರುತ್ತಾಳೆ. ವಿಭೂತಿ ಕೊಟ್ಟು ಹೋಗುತ್ತಾಳೆ. ನೀನು ತೋಟ ಬಿಟ್ಟು ಎಲ್ಲೋ ಕೆಲಸಕ್ಕೆ ಸೇರಿದ್ದೀಯ ಎಂದು ಅಷ್ಟು ಹೇಳಿದಳು. ಎಲ್ಲಿ ಎಂದು ಕೇಳಿದೆ. ಹೇಳಲಿಲ್ಲ.

ಇಲ್ಲಿ ಪರದೆಯಿಲ್ಲ, ರೇಡಿಯೋ ಇಲ್ಲ. ಆದರೂ ಹತ್ತು ನಿಮಿಷಕ್ಕೊಮ್ಮೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಹಕ್ಕು ನನಗಿಲ್ಲ. ಒಂದೇ ಒಂದು ಸಲ, ನೀನು ಎಲ್ಲಿದ್ದೀಯ ಎಂದು ಬರೆ. 'ಇಲ್ಲಿದ್ದೇನೆ' ಅಂತ ಒಂದು ಸಾಲು. ಯಾರಿಗೂ ಹೇಳುವುದಿಲ್ಲ ಎಂದು ಮತ್ತೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆ.

ಅಪ್ಪ


೨೨ ಫೆಬ್ರವರಿ ೨೦೦೫

ಅಪ್ಪನಿಗೆ,

ನಾನು ಎಲ್ಲಿದ್ದೇನೆ ಎಂದು ಬರೆಯುವುದಿಲ್ಲ. ಈ ಕಾಗದದ ಮೇಲೆ ಊರಿನ ಹೆಸರೂ ಇಲ್ಲ, ನೋಡಿರುತ್ತೀರಿ. ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಇನ್ನು ನಾನಿರುವ ಜಾಗವನ್ನು ನಿಮಗೆ ಯಾರೂ ಹೇಳುವುದಿಲ್ಲ, ಸಾಯುವ ತನಕ.

ನಿಮ್ಮನ್ನು ದ್ವೇಷಿಸುತ್ತೇನೆ. ಅದು ಪೂರ್ತಿ ಆಗುತ್ತಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬರುತ್ತದೆ. ಕೂಗಲಿ ಬಿಡು, ಅಪ್ಪ ನೋಡಲಿ ಎಂದವಳು ನಾನು. ಎರಡು ಸಲ ಅವನು ವೈರಿಗೆ ಕೈ ಹಾಕಿದ, ಎರಡು ಸಲವೂ ತಡೆದವಳು ನಾನು. ನೀವು ಬಯಲಿಗೆ ತನ್ನಿ ಎಂದಿರಿ, ತರಿಸಿದವಳು ನಾನು. ಕೋರ್ಟಿನಲ್ಲಿ ಯಾರೂ ಇದನ್ನು ನನ್ನಿಂದ ಓದಿಸಲಿಲ್ಲ, ಅಷ್ಟೆ.

ನೀವು ಕೇಳಿದಿರಿ, ಬರಿಗೈಯಲ್ಲಿ ಕಳಿಸುವುದಿಲ್ಲ. ಅಂಗಡಿ ಖಾಲಿ ಮಾಡುವಾಗ ಅಮ್ಮ ಗೋಡೆಯ ನಕ್ಷೆಯನ್ನು ಎತ್ತಿಟ್ಟಿದ್ದರು. ಅದನ್ನೂ ಇದರ ಜೊತೆ ಕೊಡಲು ಹೇಳಿದ್ದೇನೆ. ಜೈಲಿನವರು ಬಿಟ್ಟರೆ ನೆಲದ ಮೇಲೆ ಹಾಸಿಕೊಳ್ಳಿ. ನಿಮ್ಮ ಪೆನ್ಸಿಲ್ ಗೆರೆಗಳು ಒಂದೂ ಅಳಿಸಿಲ್ಲ. ಯಾದವಗಿರಿಯ ಮೇಲೆ ಬೆವರಿನ ಗುರುತೊಂದಿದೆ, ನಿಮ್ಮ ಬೆರಳಿನದು.

ಅಲ್ಲೇ ಬೆರಳಿಡಿ. ಎತ್ತಬೇಡಿ. ಅದೇ ಅಡ್ಡಗೆರೆಯ ಮೇಲೆ ಬಲಕ್ಕೆ ಎಳೆದುಕೊಂಡು ಬನ್ನಿ. ಊರು ಮುಗಿಯುತ್ತದೆ, ಹಳ್ಳ ಬರುತ್ತದೆ, ಬನ್ನೂರು ರಸ್ತೆ ಸಿಗುತ್ತದೆ. ಹನ್ನೆರಡು ಡಿಗ್ರಿ ಹತ್ತೊಂಬತ್ತೂವರೆ ನಿಮಿಷ ಉತ್ತರ, ಎಪ್ಪತ್ತಾರು ಡಿಗ್ರಿ ಐವತ್ತು ಪಾಯಿಂಟ್ ಆರು ನಾಲ್ಕು ನಿಮಿಷ ಪೂರ್ವ. ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿ ಅವನ ಜಿಪಿಎಸ್ ಹಿಡಿದು ನಾನೇ ನಿಂತು ಓದಿಕೊಂಡೆ. ಬಯಲು, ಆಕಾಶ ಚೆನ್ನಾಗಿ ಕಾಣುತ್ತದೆ, ಅಂಕಿ ಒಂದಿಷ್ಟೂ ಅಲುಗಲಿಲ್ಲ. ಚಾಮುಂಡಮ್ಮನವರು ಸಮಾಧಿಯ ಸುತ್ತ ಕಲ್ಲು ಕಟ್ಟಿಸಿ ಚೆಂಡುಹೂ ಹಾಕಿದ್ದಾರೆ.

ಗಂಟೆ ೧೦.೨೦. ಸಂಜಯ್. ನಿಂತಿದೆ.

ಇದನ್ನು ಹತ್ತು ನಿಮಿಷಕ್ಕೊಮ್ಮೆ ನಿಮಗೆ ಹೇಳಬೇಕಾಗಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡಿರಿ.

ರಕ್ಷಿತಾ